ಅಪವರ್ತನ, ಅಪವರ್ತ್ಯ ಮತ್ತು ನಮ್ಮ ಪಂಚಾಂಗ

ಬೆರ್ರಿಯೆಸಾ ಶಾಲಾ ಜಿಲ್ಲೆಯಲ್ಲಿ ನಮ್ಮ ಮಕ್ಕಳು ಆರನೇ ತರಗತಿಗೆ ಮಿಡಲ್ ಸ್ಕೂಲ್ ಸೇರುತ್ತಾರೆ. ಆ ವರ್ಷವೇ ಗಣಿತದ ಹೋಂವರ್ಕಿನಲ್ಲಿ ಎರಡು ಹೆಸರುಗಳು ಮೇಲಿಂದ ಮೇಲೆ ಬರತೊಡಗುತ್ತವೆ: ಗ್ರೇಟೆಸ್ಟ್ ಕಾಮನ್ ಫ್ಯಾಕ್ಟರ್, ಲೀಸ್ಟ್ ಕಾಮನ್ ಮಲ್ಟಿಪಲ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇವು ಹಳೆಯ ಮ.ಸಾ.ಅ. ಮತ್ತು ಲ.ಸಾ.ಅ. 2010ರಲ್ಲಿ ಕ್ಯಾಲಿಫೋರ್ನಿಯಾ ಅಂಗೀಕರಿಸಿದ ಪಠ್ಯಕ್ರಮದಲ್ಲಿ ನಾಲ್ಕನೇ ತರಗತಿಗೆ 100ರವರೆಗಿನ ಸಂಖ್ಯೆಗಳ ಅಪವರ್ತನಗಳನ್ನೂ ಆರನೆಯದಕ್ಕೆ ಈ ಎರಡನ್ನೂ ಇಟ್ಟಿದ್ದಾರೆ. ಪಾಠವೇನೋ ಚಿಕ್ಕದು. ಆದರೆ ಇಲ್ಲಿ ಎಡವಿದ ಮಗು ಭಿನ್ನರಾಶಿಯಲ್ಲಿ ಮತ್ತೆ ಎಡವುತ್ತದೆ. ಮುಂದೆ ಬೀಜಗಣಿತ ಬಂದಾಗ "ನನಗೆ ಗಣಿತ ಬರೋದಿಲ್ಲ" ಎಂದು ತಾನೇ ತೀರ್ಪು ಕೊಟ್ಟುಕೊಂಡುಬಿಡುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನು ಮನೆಯಲ್ಲಿ ಹೇಳಿಕೊಡುವ ಬಗೆಯನ್ನು ನೋಡೋಣ.

ಮೊದಲನೆಯ ತೊಡಕು ಹೆಸರಿನದು. ಅಪವರ್ತನ, ಅಪವರ್ತ್ಯ ಎಂಬ ಪದಗಳು ಅವಳಿಗಳಂತೆ ಕೇಳಿಸುತ್ತವೆ. ಇಂಗ್ಲಿಷ್ ಹೆಸರುಗಳನ್ನೂ ಮಕ್ಕಳು ಅದಲುಬದಲು ಮಾಡುತ್ತಾರೆ. ಇದಕ್ಕೆ ನಮ್ಮ ಮಗ್ಗಿಗಿಂತ ಒಳ್ಳೆಯ ಮದ್ದಿಲ್ಲ. 24ರ ಮಗ್ಗಿ ಹೇಳಿದರೆ ಬರುವ 24, 48, 72, 96 ಎಲ್ಲವೂ 24ರ ಅಪವರ್ತ್ಯಗಳು. ಅದೇ 24 ಯಾವ ಯಾವ ಮಗ್ಗಿಯಲ್ಲಿ ಸಿಗುತ್ತದೆ ಎಂದು ಹುಡುಕಿದರೆ 1, 2, 3, 4, 6, 8, 12 ಮತ್ತು 24ರ ಮಗ್ಗಿಗಳಲ್ಲಿ ಸಿಗುತ್ತದೆ; ಅವು ಅದರ ಅಪವರ್ತನಗಳು. ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಈ ಕೆಲಸವನ್ನು ಅವರಿಗೇ ಬಿಡಿ. ಹದಿನೇಳರ ಮಗ್ಗಿಯನ್ನು ನಿದ್ದೆಯಲ್ಲೂ ಹೇಳಬಲ್ಲವರು ಅವರು.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದದ್ದು. 12 ಮತ್ತು 18ರ ಲ.ಸಾ.ಅ. ಕೇಳಿದರೆ ಅನೇಕ ಮಕ್ಕಳು 6 ಎನ್ನುತ್ತಾರೆ. "ಲಘು" ಎಂದ ಮೇಲೆ ಉತ್ತರವೂ ಚಿಕ್ಕದಿರಬೇಕು ಎಂಬುದು ಅವರ ತರ್ಕ. ನಿಜದಲ್ಲಿ ಮಹತ್ತಮವೇ 6, ಲಘುತ್ತಮ 36! ಬೈಯಬೇಡಿ, ಅಪವರ್ತನ ಎಂದಿಗೂ ಆ ಸಂಖ್ಯೆಯನ್ನು ಮೀರುವುದಿಲ್ಲ, ಅಪವರ್ತ್ಯ ಎಂದಿಗೂ ಅದಕ್ಕಿಂತ ಕಡಿಮೆಯಾಗುವುದಿಲ್ಲ ಎಂದು ತೋರಿಸಿಕೊಡಿ. ಪ್ರಸಾದದ ಪೊಟ್ಟಣ ಕಟ್ಟುವಾಗ ಇದು ಕಣ್ಣಿಗೇ ಕಾಣುತ್ತದೆ. 72 ಬಾಳೆಹಣ್ಣು, 48 ಕಿತ್ತಳೆ ಇವೆ. ಒಂದೂ ಉಳಿಯದಂತೆ, ಎಲ್ಲ ಪೊಟ್ಟಣವೂ ಒಂದೇ ಸಮ ಇರುವಂತೆ ಹೆಚ್ಚೆಂದರೆ ಎಷ್ಟು ಪೊಟ್ಟಣ ಕಟ್ಟಬಹುದು? 24. ಒಂದೊಂದರಲ್ಲಿ ಮೂರು ಬಾಳೆಹಣ್ಣು, ಎರಡು ಕಿತ್ತಳೆ.

ಇನ್ನು ನಮ್ಮ ಪಂಚಾಂಗಕ್ಕೆ ಬರೋಣ. ಆಕಾಶದ ಚಕ್ರವನ್ನು ನಮ್ಮ ಹಿರಿಯರು ಎರಡು ರೀತಿ ಭಾಗ ಮಾಡಿದ್ದಾರೆ: 12 ರಾಶಿ, 27 ನಕ್ಷತ್ರ. 27 ಎನ್ನುವುದು 12ರ ಮಗ್ಗಿಯಲ್ಲಿ ಬರುವುದಿಲ್ಲ. ಹಾಗಾಗಿ ಒಂದು ರಾಶಿಗೆ ಎರಡೂಕಾಲು ನಕ್ಷತ್ರ ಬೀಳುತ್ತದೆ. ಎರಡಕ್ಕೂ ಪೂರ್ಣಸಂಖ್ಯೆಯಲ್ಲಿ ಹೊಂದುವ ತುಂಡು ಬೇಕಾದರೆ ಚಕ್ರವನ್ನು ಕಡೇಪಕ್ಷ ಎಷ್ಟು ಸಮಭಾಗ ಮಾಡಬೇಕು? 12 ಎಂದರೆ 2×2×3. 27 ಎಂದರೆ 3×3×3. ಇವುಗಳ ಲ.ಸಾ.ಅ. 2×2×3×3×3, ಅಂದರೆ 108. ಅದೇ ನಕ್ಷತ್ರದ ಪಾದ. ನಕ್ಷತ್ರಕ್ಕೆ ನಾಲ್ಕು ಪಾದ, ರಾಶಿಗೆ ಒಂಬತ್ತು ಪಾದ. ಜಪಮಾಲೆಯ 108 ಮಣಿಗಳಿಗೆ ಹಿರಿಯರು ಬೇರೆ ಬೇರೆ ಕಾರಣ ಹೇಳುತ್ತಾರೆ, ಅದಿರಲಿ. ಮಗುವಿನ ಕೈಗೆ ಮಾಲೆ ಕೊಟ್ಟು ನಾಲ್ಕು ನಾಲ್ಕಾಗಿ, ಮತ್ತೆ ಒಂಬತ್ತು ಒಂಬತ್ತಾಗಿ ಎಣಿಸಲು ಹೇಳಿ. ಎರಡು ಸಲವೂ ಒಂದು ಮಣಿಯೂ ಉಳಿಯುವುದಿಲ್ಲ.

ಮ.ಸಾ.ಅ. ಕೂಡ ಇದೇ ಚಕ್ರದಲ್ಲಿ ಅಡಗಿದೆ. 12 ಮತ್ತು 27ರ ಮ.ಸಾ.ಅ. 3. ರಾಶಿಯ ಗಡಿ, ನಕ್ಷತ್ರದ ಗಡಿ ಎರಡೂ ಒಂದೇ ಬಿಂದುವಿನಲ್ಲಿ ಕೂಡುವುದು ಇಡೀ ಚಕ್ರದಲ್ಲಿ ಮೂರೇ ಕಡೆ: ಆಶ್ಲೇಷಾ ಮುಗಿದು ಮಖಾ ಶುರುವಾಗುವಲ್ಲಿ, ಜ್ಯೇಷ್ಠಾ ಮುಗಿದು ಮೂಲಾ ಶುರುವಾಗುವಲ್ಲಿ, ರೇವತಿ ಮುಗಿದು ಅಶ್ವಿನಿ ಶುರುವಾಗುವಲ್ಲಿ. ಜಾತಕ ನೋಡುವ ಹಿರಿಯರು ಗಂಡಾಂತ ಎನ್ನುವುದು ಈ ಸಂಧಿಗಳನ್ನೇ. ಫಲದ ಮಾತು ಜ್ಯೋತಿಷಿಗಳಿಗೆ ಇರಲಿ, ಲೆಕ್ಕ ಮಾತ್ರ ಆರನೇ ತರಗತಿಯದು. 12ನ್ನು 27ರಿಂದ ಗುಣಿಸಿದರೆ 324. 3ನ್ನು 108ರಿಂದ ಗುಣಿಸಿದರೂ 324. ಯಾವುದೇ ಎರಡು ಸಂಖ್ಯೆಗಳಿಗೂ ಹೀಗೇ ಆಗುತ್ತದೆ. ಉತ್ತರ ಸರಿಯೇ ಎಂದು ಮಕ್ಕಳು ತಾವೇ ತಾಳೆ ನೋಡಿಕೊಳ್ಳಲು ಇದು ಸುಲಭದ ದಾರಿ.

ಈ ಲ.ಸಾ.ಅ. ಕನ್ನಡ ನಾಡಿಗೆ ಹೊರಗಿನಿಂದ ಮೊನ್ನೆ ಬಂದದ್ದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲ.ಸಾ.ಅ. ತೆಗೆಯುವ ಕ್ರಮ ಆ ಗ್ರಂಥದಲ್ಲಿದೆ. ಅದಕ್ಕೆ ಅವರಿಟ್ಟ ಹೆಸರು 'ನಿರುದ್ಧ'. 5/12ಕ್ಕೆ 7/18 ಕೂಡಬೇಕೆನ್ನಿ. ಛೇದಗಳನ್ನು ಸುಮ್ಮನೆ ಗುಣಿಸಿದರೆ 216 ಬಂದು, 174/216ನ್ನು ಮತ್ತೆ 6ರಿಂದ ಸಂಕ್ಷೇಪಿಸುವ ಪಾಡು. ನಿರುದ್ಧ 36 ಹಿಡಿದರೆ 15/36 ಮತ್ತು 14/36 ಸೇರಿ ಒಂದೇ ಸಾಲಿನಲ್ಲಿ 29/36.

ತಂದೆತಾಯಿಯರಲ್ಲಿ ಒಂದು ವಿನಂತಿ. ಗೆರೆ ಎಳೆದು ಭಾಗಿಸುತ್ತ ಹೋಗುವ ನಮ್ಮ ಕ್ರಮ ಬೇಗ ಮುಗಿಯುತ್ತದೆ, ನಿಜ. ಆದರೆ ಶಾಲೆಯಲ್ಲಿ ಪಟ್ಟಿ ಬರೆಸುತ್ತಿದ್ದರೆ ಮೊದಲ ಕೆಲವು ವಾರ ಪಟ್ಟಿಯನ್ನೇ ಬರೆಯಲು ಬಿಡಿ. ಎರಡು ಪಟ್ಟಿಯಲ್ಲೂ ಇರುವ ಸಂಖ್ಯೆಗೆ ಮಗು ತಾನೇ ಸುತ್ತು ಹಾಕಿದಾಗ "ಸಾಮಾನ್ಯ" ಎಂಬ ಪದದ ಅರ್ಥ ತಿಳಿಯುತ್ತದೆ. ಗೆರೆಯ ಕ್ರಮ ಆಮೇಲೆ ಬಂದರೂ ತಡವಾಗುವುದಿಲ್ಲ.

ಮಕ್ಕಳಿಗೊಂದು ಲೆಕ್ಕ: ಕೃತ್ತಿಕೆಯ ಮೊದಲ ಪಾದ ಮೇಷದಲ್ಲಿ, ಉಳಿದ ಮೂರು ವೃಷಭದಲ್ಲಿ. ಹೀಗೆ ಎರಡು ರಾಶಿಗೆ ಹಂಚಿಹೋದ ನಕ್ಷತ್ರಗಳು 27ರಲ್ಲಿ ಎಷ್ಟು? ಅಶ್ವಿನಿಯಿಂದ ನಾಲ್ಕು ನಾಲ್ಕು ಮಣಿ ಎಣಿಸುತ್ತ, ಪ್ರತಿ ಒಂಬತ್ತನೆಯ ಮಣಿಯ ನಂತರ ದಾರ ಕಟ್ಟಿ ನೋಡಿ. ಉತ್ತರ ಒಂಬತ್ತು ಬರಬೇಕು. ನಿಮ್ಮ ಜನ್ಮನಕ್ಷತ್ರ ಅವುಗಳಲ್ಲಿ ಒಂದೋ ಅಲ್ಲವೋ ಎಂಬುದನ್ನು ಅಮ್ಮನನ್ನು ಕೇಳುವ ಮೊದಲು ನೀವೇ ಕಂಡುಹಿಡಿಯಿರಿ.