ಮೂರು ಟ್ರೇ, ನಾಲ್ಕು ಚಕ್ರ: ಮನೆಯಲ್ಲೇ ಕಾರು ತೊಳೆಯುವವರಿಗೆ ಯಶಸ್ಸಿನ ಸೂತ್ರಗಳು

ಶಾಂಪೂ ಕಾರಿನ ಡಿಕ್ಕಿಯಲ್ಲಿ, ಬ್ರಷ್ಷು ಬಾಲ್ಕನಿಯ ವಾಷಿಂಗ್ ಮಷೀನಿನ ಹಿಂದೆ, ವ್ಯಾಕ್ಸ್ ಡಬ್ಬಿ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಒರೆಸುವ ಬಟ್ಟೆ ಎಲ್ಲೋ ದೇವರಿಗೇ ಗೊತ್ತು. ಭಾನುವಾರ ಬೆಳಗ್ಗೆ ಕಾರು ತೊಳೆಯಲು ಬೇಸ್‌ಮೆಂಟಿಗೆ ಇಳಿದವರು ಅರ್ಧ ಹೊತ್ತನ್ನು ಲಿಫ್ಟಿನಲ್ಲೇ ಕಳೆಯುವುದು ಇದಕ್ಕೇ. ಪರಿಹಾರ ದುಬಾರಿಯದೇನಲ್ಲ. ಅಡುಗೆಮನೆಯಲ್ಲಿ ಈರುಳ್ಳಿ, ಆಲೂಗಡ್ಡೆ ಇಡಲು ತರುತ್ತೇವಲ್ಲ, ಅಂಥ ಮೂರು ಟ್ರೇಯ ಚಕ್ರದ ಟ್ರಾಲಿ ಸಾಕು. ಆದರೆ ಟ್ರಾಲಿ ತಂದು ಎಲ್ಲವನ್ನೂ ಅದರೊಳಗೆ ತುರುಕಿದರೆ ಗಲೀಜಿಗೆ ಚಕ್ರ ಬಂದಂತಾಗುತ್ತದೆ, ಅಷ್ಟೆ. ಬಾಟಲಿಗಳೆಲ್ಲ ಒಂದು ಕಡೆ, ಬ್ರಷ್ಷುಗಳೆಲ್ಲ ಇನ್ನೊಂದು ಕಡೆ ಎಂದು ಜೋಡಿಸುವುದನ್ನು ಬಿಟ್ಟು, ಕೆಲಸದ ಸರದಿಗೆ ತಕ್ಕಂತೆ ಜೋಡಿಸಿ. ಚಕ್ರವನ್ನು ಮುಟ್ಟಿದ್ದು ಬಾಡಿಯನ್ನು ಮುಟ್ಟದಂತೆ ಜೋಡಿಸಿ. ಮುಂದಿನ ಸೂತ್ರಗಳಲ್ಲಿ ಹೆಚ್ಚಿನವು ಈ ಎರಡು ಮಾತಿನಿಂದಲೇ ಹುಟ್ಟಿದವು.

1. ಮೊದಲು ಸುರಿಯಿರಿ, ಆಮೇಲೆ ಕೊಳ್ಳಿ

ನೆಲಕ್ಕೆ ಹಳೆಯ ಪೇಪರು ಹಾಸಿ ಇರುವುದನ್ನೆಲ್ಲ ಅದರ ಮೇಲೆ ತಂದಿಡಿ. ಅರ್ಧರ್ಧ ಖಾಲಿಯಾದ ಎರಡು ಮೂರು ಶಾಂಪೂ, ಒಣಗಿ ಬಿರುಕುಬಿಟ್ಟ ವ್ಯಾಕ್ಸ್, ಕಾರು ಕೊಂಡಾಗ ಷೋರೂಮಿನವರು ಕೊಟ್ಟ ಹಳದಿ ಬಟ್ಟೆ ಎಲ್ಲವೂ ಹೊರಬರುತ್ತವೆ. ಒಮ್ಮೆ ತೆರೆದು ಮರೆತ ಸೆರಾಮಿಕ್ ಕೋಟಿಂಗ್ ಸೀಸೆಯಿದ್ದರೆ ಯೋಚನೆಯೇ ಬೇಡ, ಎಸೆಯಿರಿ. ಗಾಳಿಯ ತೇವ ತಗುಲಿದರೆ ಗಟ್ಟಿಯಾಗುವುದು ಅದರ ಗುಣ. ಪಾತ್ರೆ ತಿಕ್ಕುವ ನಾರನ್ನು ಅಡುಗೆಮನೆಗೆ ವಾಪಸು ಕಳಿಸಿ.

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹಿಡಿದು ಪೀಣ್ಯದ ಸಣ್ಣ ವರ್ಕ್‌ಷಾಪುಗಳವರೆಗೆ ಗೋಡೆಗಳ ಮೇಲೆ ಕಾಣುವ 'ಫೈವ್ ಎಸ್' ಪದ್ಧತಿಯ ಮೊದಲ ಪಾಠವೂ ಇದೇ: ಬೇಡದ್ದನ್ನು ತೆಗೆದ ಮೇಲಷ್ಟೇ ಬೇಕಾದ್ದಕ್ಕೆ ಜಾಗ ಗೊತ್ತುಮಾಡುವುದು. ಟ್ರಾಲಿ ಎಷ್ಟು ದೊಡ್ಡದಿರಬೇಕು ಎಂಬುದೂ ಈ ಕೆಲಸ ಮುಗಿದ ಮೇಲೇ ತಿಳಿಯುತ್ತದೆ.

2. ಟೇಪು ಹಿಡಿದು ಅಳೆಯಿರಿ, ಬಗ್ಗಿ ಚಕ್ರ ನೋಡಿ

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಮ್ಮ ಕಾರಿಗೂ ಕಂಬಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ? ಬಾಗಿಲು ತೆರೆದಾಗ? ಅಳೆಯದೆ ಅಂಗಡಿಗೆ ಹೋಗಬೇಡಿ. ನಾಗಸಂದ್ರದ ಐಕಿಯಾದಲ್ಲಿ ಸಿಗುವ ರಾಸ್ಕೋಗ್ ಟ್ರಾಲಿ ಸುಮಾರು 35 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದ, 78 ಸೆಂ.ಮೀ. ಎತ್ತರ ಇದೆ. ಒಂದು ಕಾರಿನ ಸಾಮಾನಿಗೆ ಈ ಅಳತೆ ಧಾರಾಳ. ಇದೇ ಮಾದರಿಯವು ಊರಿನ ಸ್ಟೀಲ್ ಫರ್ನಿಚರ್ ಅಂಗಡಿಗಳಲ್ಲೂ ಇರುತ್ತವೆ. ಎಲ್ಲಿ ಕೊಂಡರೂ ಪ್ರತಿ ಟ್ರೇ ಎಷ್ಟು ಕೆ.ಜಿ. ತಡೆಯುತ್ತದೆ ಎಂದು ಕೇಳಿ. ಐದು ಲೀಟರಿನ ಒಂದು ಶಾಂಪೂ ಕ್ಯಾನೇ ಐದು ಕೆ.ಜಿ. ದಾಟುತ್ತದೆ.

ಅಡುಗೆಮನೆ ಟ್ರಾಲಿಗಳ ದೌರ್ಬಲ್ಯ ಅವುಗಳ ಚಕ್ರ. ನುಣುಪು ಟೈಲ್ಸಿನ ಮೇಲೆ ಓಡಲೆಂದು ಕೊಟ್ಟ ಪುಟ್ಟ ಪ್ಲಾಸ್ಟಿಕ್ ಗಾಲಿಗಳು ಮನೆ ಮುಂದಿನ ಇಂಟರ್‌ಲಾಕ್ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತವೆ, ಟ್ರಾಲಿ ಮುಗ್ಗರಿಸುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಇಂಚಿನ ರಬ್ಬರ್ ಚಕ್ರ ಕೇಳಿ. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ. ಹಳೆಯ ಚಕ್ರ ಒಂದನ್ನು ಬಿಚ್ಚಿ ಜೊತೆಗೆ ಒಯ್ದರೆ ಒಳ್ಳೆಯದು, ಬೋಲ್ಟಿನ ಮರೆ ಹೊಂದದೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಬೇಸ್‌ಮೆಂಟಿನ ನೆಲ ಸಮತಟ್ಟಾಗಿ ಕಂಡರೂ ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಬ್ರೇಕ್ ಇಲ್ಲದ ಟ್ರಾಲಿ ಆ ಇಳಿಜಾರು ಹಿಡಿದು ಪಕ್ಕದ ಮನೆಯವರ ಕಾರಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ವಿಷಯ ಎಷ್ಟು ವರ್ಷ ಬದುಕಿರುತ್ತದೆ ಎಂದು ಬಲ್ಲವರೇ ಬಲ್ಲರು.

3. ಕೆಳಗೆ ಕೊಳೆ, ನಡುವೆ ನೀರು, ಮೇಲೆ ಒಣದು

ಒಂದೇ ಸೂತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ.

ಕೆಳಗಿನ ಟ್ರೇ ಚಕ್ರ ಮತ್ತು ಟೈರಿನದು. ವೀಲ್ ಕ್ಲೀನರ್, ಟೈರ್ ಬ್ರಷ್, ರಿಮ್ಮಿನ ಒಳಗೆ ಹೋಗುವ ಉದ್ದನೆ ಬ್ರಷ್, ಟೈರಿಗೆ ಬಳಿಯುವ ಡ್ರೆಸಿಂಗ್, ಗ್ಲೌಸ್ ಅಲ್ಲಿರಲಿ. ದೊಡ್ಡ ಕ್ಯಾನುಗಳೂ ಅಲ್ಲೇ. ಭಾರ ಕೆಳಗಿದ್ದರೆ ಟ್ರಾಲಿ ವಾಲುವುದಿಲ್ಲ. ನಡುವಿನ ಟ್ರೇ ಬಾಡಿ ತೊಳೆಯುವ ಒದ್ದೆ ಕೆಲಸಕ್ಕೆ, ಒಳಾಂಗಣಕ್ಕೆ: ಶಾಂಪೂ, ತೊಳೆಯುವ ಮಿಟ್, ಒಳಾಂಗಣದ ಕ್ಲೀನರ್, ಎಸಿ ವೆಂಟಿನ ಸಂದಿಗೆ ಹೋಗುವ ಮೆತ್ತನೆ ಬ್ರಷ್. ಮೇಲಿನ ಟ್ರೇಯಲ್ಲಿ ಒಣದು, ಶುದ್ಧವಾದದ್ದು ಮಾತ್ರ: ಮೈಕ್ರೋಫೈಬರ್ ಬಟ್ಟೆ, ವ್ಯಾಕ್ಸ್, ಗಾಜಿನ ಸ್ಪ್ರೇ, ಪಾಲಿಶ್ ಪ್ಯಾಡು.

ಇಷ್ಟೊಂದು ಮಡಿ ಯಾಕೆಂದರೆ, ಕಾರಿನ ಬಣ್ಣದ ಮೇಲಿನ ಕ್ಲಿಯರ್‌ಕೋಟ್ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸಿನದು, ಮನುಷ್ಯನ ಕೂದಲಿಗಿಂತ ತೆಳು. ರಿಮ್ಮಿನ ಮೇಲೆ ಕೂರುವ ಕಪ್ಪು ಪುಡಿಯಲ್ಲಿ ಬ್ರೇಕ್ ಡಿಸ್ಕಿನಿಂದ ಉದುರಿದ ಕಬ್ಬಿಣದ ಕಣಗಳಿರುತ್ತವೆ. ಆ ಪುಡಿ ಹಿಡಿದ ಬ್ರಷ್ಷು ಮೇಲಿನ ಟ್ರೇಯಲ್ಲಿದ್ದರೆ ಕಣಗಳು ಉದುರುವುದು ಕೆಳಗಿನ ಬಟ್ಟೆಯ ಮೇಲೆ. ಅದೇ ಬಟ್ಟೆ ಬಾನೆಟ್ ಮೇಲೆ ಸುತ್ತಿದಾಗ ಬಿಸಿಲಿನಲ್ಲಿ ಜೇಡರಬಲೆಯ ಹಾಗೆ ಕಾಣುವ ಗೀರುಗಳು ಮೂಡುತ್ತವೆ. ಕಪ್ಪು ಕಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಅನುಕೂಲವೂ ಇದೆ. ಚಕ್ರ ಮೊದಲು, ಬಾಡಿ ಆಮೇಲೆ, ಒರೆಸುವುದು ಕೊನೆಗೆ ಎನ್ನುವುದು ತೊಳೆಯುವ ಸರಿಯಾದ ಕ್ರಮ. ಹಾಗಾಗಿ ನಿಮ್ಮ ಕೈ ಟ್ರಾಲಿಯ ಕೆಳಗಿನ ಟ್ರೇಯಿಂದ ಶುರುವಾಗಿ ಮೇಲೇರುತ್ತ ಹೋಗುತ್ತದೆ. ಬಾಡಿಯನ್ನು ಮಾತ್ರ ಟಾಪಿನಿಂದ ಕೆಳಗೆ ತೊಳೆಯಬೇಕು. ಮುಂದೇನು ಎಂದು ಯೋಚಿಸುವ ಕೆಲಸ ಟ್ರಾಲಿಗೇ ಬಿಟ್ಟದ್ದು.

4. ಬಟ್ಟೆಗೊಂದು ಬಣ್ಣ, ಬಣ್ಣಕ್ಕೊಂದು ಕೆಲಸ

ನೀಲಿ ಬಾಡಿಗೆ, ಹಸಿರು ಗಾಜಿಗೆ, ಹಳದಿ ಒಳಗಿನ ಡ್ಯಾಶ್‌ಬೋರ್ಡು ಬಾಗಿಲುಗಳಿಗೆ, ಬೂದು ಚಕ್ರಕ್ಕೆ. ನಿಮಗಿಷ್ಟವಾದ ಬಣ್ಣ ಆರಿಸಿಕೊಳ್ಳಿ, ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ತೊಳೆದ ಬಟ್ಟೆಗಳನ್ನು ಮುಚ್ಚಳದ ಡಬ್ಬದಲ್ಲಿಡಿ, ತೆರೆದ ಟ್ರೇಯಲ್ಲಿ ಬೇಸ್‌ಮೆಂಟಿನ ಧೂಳೆಲ್ಲ ಅವುಗಳ ಪಾಲಾಗುತ್ತದೆ. ಬಳಸಿದವನ್ನು ಹಾಕಲು ಟ್ರಾಲಿಯ ಪಕ್ಕಕ್ಕೊಂದು ಬಟ್ಟೆಯ ಚೀಲ ನೇತುಹಾಕಿ. ನೆಲಕ್ಕೆ ಬಿದ್ದ ಬಟ್ಟೆ ಕೊಡವಿದರೂ ಬಾಡಿಗೆ ಬೇಡ, ನೇರ ಚೀಲಕ್ಕೆ ಹೋಗಲಿ.

ಮೈಕ್ರೋಫೈಬರನ್ನು ಹತ್ತಿ ಬಟ್ಟೆಗಳ ಜೊತೆ ಮಷೀನಿಗೆ ಹಾಕಬಾರದು, ಹತ್ತಿಯ ಜುಂಗೆಲ್ಲ ಅಂಟಿಕೊಳ್ಳುತ್ತದೆ. ಬಟ್ಟೆ ಘಮಘಮ ಎನ್ನಲೆಂದು ಹಾಕುವ ಫ್ಯಾಬ್ರಿಕ್ ಕಂಡಿಷನರ್ ಅಂತೂ ಬೇಡವೇ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಬಣ್ಣದ ನಿಯಮಕ್ಕೆ ಹಳತಾದ ಬಟ್ಟೆಯೊಂದೇ ಅಪವಾದ. ಅದಕ್ಕೆ ಬಡ್ತಿ ಇಲ್ಲ, ಹಿಂಬಡ್ತಿ ಮಾತ್ರ. ಬಾಡಿಯಿಂದ ಒಳಾಂಗಣಕ್ಕೆ, ಅಲ್ಲಿಂದ ಚಕ್ರಕ್ಕೆ, ಕೊನೆಗೆ ಎಂಜಿನ್ನಿನ ಎಣ್ಣೆ ಒರೆಸಲು.

5. ಹೆಸರಿಲ್ಲದ ಬಾಟಲಿ ಟ್ರಾಲಿ ಹತ್ತಬಾರದು

ಸ್ಪ್ರೇ ಬಾಟಲಿಗಳನ್ನು ಟ್ರೇಯ ಅಂಚಿಗೆ ಅಥವಾ ಪಕ್ಕದ ಸರಳಿಗೆ ಟ್ರಿಗರಿನಿಂದಲೇ ನೇತುಹಾಕಿದರೆ ಟ್ರೇಯ ಜಾಗವೆಲ್ಲ ಉಳಿಯುತ್ತದೆ. ಪ್ರತಿಯೊಂದರ ಮೇಲೂ ಮೂರು ವಿಷಯ ಬರೆದಿರಲಿ: ಏನು, ಎಷ್ಟಕ್ಕೆ ಎಷ್ಟು ನೀರು, ಬೆರೆಸಿದ ದಿನ. ಒಂದಕ್ಕೆ ಹತ್ತು ಎಂದರೆ ಅರ್ಧ ಲೀಟರ್ ಬಾಟಲಿಗೆ ಸುಮಾರು 45 ಮಿ.ಲೀ. ಕ್ಲೀನರ್, ಉಳಿದದ್ದು ನೀರು. ಕೆಮ್ಮಿನ ಸಿರಪ್ಪಿನ ಹಳೆಯ ಅಳತೆ ಮುಚ್ಚಳ ಇದಕ್ಕೆ ಒದಗುತ್ತದೆ, ಆದರೆ ಅದನ್ನು ಟ್ರಾಲಿಗೇ ಕಟ್ಟಿಹಾಕಿ, ಮತ್ತೆ ಮದ್ದಿನ ಪೆಟ್ಟಿಗೆಗೆ ಸೇರಬಾರದು. ಮಾರ್ಕರಿನಲ್ಲಿ ಬರೆದ ಮೇಲೆ ಸೆಲ್ಲೋಟೇಪು ಅಂಟಿಸಿ, ಇಲ್ಲವಾದರೆ ಒದ್ದೆ ಕೈ ತಗುಲಿ ಅಕ್ಷರ ಅಳಿಸಿಹೋಗುತ್ತದೆ.

ಕೂಲ್‌ಡ್ರಿಂಕ್ ಬಾಟಲಿಗೆ ಕ್ಲೀನರ್ ತುಂಬಬೇಡಿ. ಎಂದೂ ಬೇಡ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿವರಣೆ ಬೇಕೇ?

6. ಜೊತೆಗಿಡಬಾರದ ನೆಂಟರು

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಅಲಾಯ್ ಚಕ್ರ ಫಳಫಳ ಎನ್ನುತ್ತದೆಂದು ಹೇಳುವವರು ಎಲ್ಲ ಬಡಾವಣೆಗಳಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ, ಅಲ್ಯುಮಿನಿಯಮ್ಮಿಗೆ ಅದು ಶತ್ರು. ಆಸಿಡ್ ಇರುವ ಯಾವ ಕ್ಲೀನರೂ ಬ್ಲೀಚಿನ ಪಕ್ಕ ಇರಬಾರದು. ಎರಡೂ ಸೋರಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬೇಸ್‌ಮೆಂಟಿನಲ್ಲಿ ಅದು ಹೋಗಲು ದಾರಿಯಿಲ್ಲ. ಕಿಟಕಿಗೆ ಫಿಲ್ಮ್ ಹಾಕಿಸಿದ್ದರೆ ಅಮೋನಿಯಾ ಇರುವ ಗಾಜಿನ ಸ್ಪ್ರೇಯನ್ನು ಕೈಬಿಡಿ. ತಿನ್ನರ್, ಪೆಟ್ರೋಲ್ ವಾಸನೆಯ ಡ್ರೆಸಿಂಗ್‌ಗಳು ಬಿಸಿಲು ಬೀಳುವ ಪೋರ್ಟಿಕೋದಲ್ಲಿ ಬೇಡ. ಬ್ಯಾಟರಿ ವ್ಯಾಕ್ಯೂಮ್ ಕ್ಲೀನರನ್ನು ಕೆಲಸ ಮುಗಿದ ಮೇಲೆ ಮನೆಗೆ ಒಯ್ದು ಕಣ್ಣೆದುರಿಗೇ ಚಾರ್ಜ್ ಮಾಡಿ.

7. ನೀರಿನ ಲೆಕ್ಕವೂ ಟ್ರಾಲಿಯಲ್ಲಿರಲಿ

2024ರ ಮಾರ್ಚಿನಲ್ಲಿ, ಕೊಳವೆಬಾವಿಗಳು ಬತ್ತಿದ್ದಾಗ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಪೈಪು ಹಿಡಿದು ಕಾರಿಗೆ ಮಜ್ಜನ ಮಾಡಿಸುವ ಕಾಲ ಮುಗಿಯುತ್ತಿದೆ. ಆದ್ದರಿಂದ ನಡುವಿನ ಟ್ರೇಯಲ್ಲಿ ತೊಳೆನೀರು ಬೇಡದ 'ರಿನ್ಸ್‌ಲೆಸ್' ದ್ರಾವಣಕ್ಕೆ ಜಾಗ ಕೊಡಿ. ಈ ಬಗೆಯ ಹೆಸರಾಂತ ದ್ರಾವಣವೊಂದರ ಅಳತೆ 256 ಭಾಗ ನೀರಿಗೆ ಒಂದು ಭಾಗ. ಅಂದರೆ ಹತ್ತು ಲೀಟರ್ ಬಕೆಟಿಗೆ ಸುಮಾರು 40 ಮಿ.ಲೀ., ಮನೆಯ ಮುಂದಿನ ಸಣ್ಣ ಕಾರು ಅಷ್ಟರಲ್ಲಿ ಮುಗಿಯುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ, ಒಂದೊಂದು ಭಾಗಕ್ಕೆ ಒಂದೊಂದು ಮುಖ. ಕೊಳೆಯಾದ ಬಟ್ಟೆಯನ್ನು ಮತ್ತೆ ಬಕೆಟಿಗೆ ಅದ್ದಬೇಡಿ.

ಮಲೆನಾಡು ಸುತ್ತಿ ಕೆಂಪು ಮಣ್ಣು ಮೆತ್ತಿಕೊಂಡು ಬಂದ ಕಾರಿಗೆ ಮಾತ್ರ ಈ ಉಪಾಯ ನಡೆಯದು. ಒಣಮಣ್ಣನ್ನು ಒರೆಸಿದರೆ ಮರಳುಕಾಗದ ಉಜ್ಜಿದ ಹಾಗೆಯೇ. ಅದನ್ನು ವಾಟರ್ ಸರ್ವಿಸಿಗೆ ಕಳಿಸಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅವೆರಡನ್ನೂ ಟೈರಿಗೆ ಸುರಿಯಿರಿ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕ್ಯಾನಿನಲ್ಲಿ ಹಿಡಿದಿಟ್ಟರೆ ಗಾಜು ಒರೆಸಲು ಸೊಗಸು.

8. ಒಂದು ಪುಟ್ಟ ಚೀಲ ಕಾರಿನಲ್ಲೇ ಇರಲಿ

ಹಕ್ಕಿಗಳ ಪ್ರಸಾದ, ಮರದ ಅಂಟು ಭಾನುವಾರದವರೆಗೆ ಕಾಯುವುದಿಲ್ಲ. ಒಂದು ಸಣ್ಣ ಸ್ಪ್ರೇ, ಎರಡು ನೀಲಿ ಬಟ್ಟೆ ಚೀಲದಲ್ಲಿಟ್ಟು ಡಿಕ್ಕಿಗೆ ಸೇರಿಸಿ. ಒದ್ದೆ ಬಟ್ಟೆಯನ್ನು ಕಲೆಯ ಮೇಲೆ ಹೊದಿಸಿ, ಒಂದೆರಡು ನಿಮಿಷ ಬಿಟ್ಟು ಮೆಲ್ಲಗೆ ಎತ್ತಿ. ಉಜ್ಜಬೇಡಿ.

9. ತೊಳೆಯುವವರಿಗೂ ತಿಳಿಯುವಂತಿರಲಿ

ನಿಜ ಹೇಳಬೇಕೆಂದರೆ, ನಮ್ಮಲ್ಲಿ ಹಲವರ ಕಾರನ್ನು ದಿನವೂ ಒರೆಸುವವರು ನಾವಲ್ಲ. ಒಂದು ಬಕೆಟು, ಒಂದು ಬಟ್ಟೆ ಹಿಡಿದು ಬೆಳಗಿನ ಜಾವ ಸಾಲಾಗಿ ಕಾರು ಒರೆಸಿಕೊಂಡು ಹೋಗುವ ಅಣ್ಣನೊಬ್ಬ ಇರುತ್ತಾನೆ. ಪಕ್ಕದ ಕಾರಿನ ಮರಳು ನಿಮ್ಮ ಬಾನೆಟ್ ಮೇಲೆ ಉಜ್ಜುವುದು ಹಾಗೆ. ಅವನನ್ನು ಬೈದು ಫಲವಿಲ್ಲ, ಅಷ್ಟು ಕಾರಿಗೆ ಅಷ್ಟು ಹೊತ್ತಿನಲ್ಲಿ ಅವನಾದರೂ ಏನು ಮಾಡಿಯಾನು?

ಟ್ರಾಲಿಯನ್ನು ಅವನಿಗೂ ಒಪ್ಪಿಸಿ. ಅವನಿಗೆ ಕನ್ನಡ ಓದಲು ಬರದಿರಬಹುದು, ಆದ್ದರಿಂದ ಟ್ರೇಗಳ ಮೇಲೆ ಚಿತ್ರ ಅಂಟಿಸಿ: ಕೆಳಗೆ ಚಕ್ರ, ನಡುವೆ ಬಕೆಟು, ಮೇಲೆ ಕಾರು. 'ಅಣ್ಣಾ, ನೀಲಿ ಬಟ್ಟೆ ಬಾಡಿಗೆ ಮಾತ್ರ' ಎಂದು ಒಮ್ಮೆ ಎದುರಿಗೆ ನಿಂತು ಮಾಡಿ ತೋರಿಸಿ. ಟ್ರಾಲಿ ನಿಮ್ಮ ಗೆರೆಯೊಳಗೇ, ಫೈರ್ ಹೋಸ್ ಪೆಟ್ಟಿಗೆಗೂ ವಿದ್ಯುತ್ ಮೀಟರಿಗೂ ಅಡ್ಡವಾಗದಂತೆ ನಿಲ್ಲಲಿ. ನೀವು ಬಳಸದಾಗ ಕ್ಲೀನರ್ ಬಾಟಲಿಗಳು ಬೀಗದ ಪೆಟ್ಟಿಗೆಯಲ್ಲಿರಲಿ, ಬಟ್ಟೆ ಬ್ರಷ್ಷುಗಳು ಅವನ ಕೈಗೆ ಸಿಗಲಿ. ಬಳಸಿದ ಬಟ್ಟೆಯ ಚೀಲವನ್ನು ವಾರಕ್ಕೊಮ್ಮೆ ಮನೆಗೆ ತಂದು ಒಗೆಯುವ ಕೆಲಸ ನಿಮ್ಮದು, ಅದನ್ನು ಅವನ ತಲೆಗೆ ಕಟ್ಟಬೇಡಿ. ಚಕ್ರಕ್ಕೆ ಬೇರೆ ನೀರು ಬಳಸು ಎನ್ನುವುದಾದರೆ ಎರಡನೆಯ ಬಕೆಟನ್ನು ನೀವೇ ಕೊಂಡುಕೊಡಿ, ತಿಂಗಳ ದುಡ್ಡನ್ನೂ ಸ್ವಲ್ಪ ಹೆಚ್ಚಿಸಿ.