ಗುಜರಿ ರಂದಾಕ್ಕೆ ಎರಡು ಬೆಲೆ

ಹಳೆಯ ಸಾಮಾನಿಗೆ ಯಾವಾಗಲೂ ಎರಡು ಬೆಲೆ. ಅಂಗಡಿಯವನು ಹೇಳುವುದು ಒಂದು. ಆ ಸಾಮಾನು ಕೆಲಸಕ್ಕೆ ಬರುವ ಹೊತ್ತಿಗೆ ನಮ್ಮ ಕಿಸೆಯಿಂದ ಒಟ್ಟು ಎಷ್ಟು ಹೋಯಿತು ಎಂಬುದು ಇನ್ನೊಂದು. ಎರಡನೆಯದನ್ನು ಅಂಗಡಿಯ ಮುಂದೆ ನಿಂತೇ ಅಂದಾಜು ಮಾಡಬಲ್ಲವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ವ್ಯಾಪಾರ ಲಾಭ. ಟ್ರ್ಯಾಕ್ಟರಿಗೂ ಇದು ನಿಜ, ಬೈಕಿಗೂ ನಿಜ. ನನಗೆ ಇದನ್ನು ಕಲಿಸಿದ್ದು ಮಾತ್ರ ಅವಕ್ಕಿಂತ ಬಹಳ ಸಣ್ಣ ಸಾಮಾನು: ಮರದಲ್ಲಿ ಗ್ರೂವ್ ಹೊಡೆಯುವ ಕೈ ರಂದಾ.

ನಮ್ಮ ಮನೆ ಕಾಗಿನೆಲೆಯಲ್ಲಿ. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ, ರಜೆಯ ಹೊತ್ತಿಗೆ ಮರಗೆಲಸದ ಹುಚ್ಚು. ಅಡುಗೆಮನೆಗೆ ಸಾಗವಾನಿಯ ಕಪಾಟು ಮಾಡಲು ಹೊರಟಾಗ ಗ್ರೂವ್ ಬೇಕಾಯಿತು. ಕದದ ಚೌಕಟ್ಟಿನ ಒಳ ಅಂಚಿನಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ತೋಡಿ, ನಡುವಿನ ಹಲಗೆಯನ್ನು ಅದರೊಳಗೆ ಕೂಡಿಸಬೇಕು. ಡ್ರಾಯರಿನ ತಳದ ಪ್ಲೈವುಡ್ಡಿಗೂ ಹಾಗೆಯೇ. ಉಳಿಯಿಂದಲೂ ತೋಡಬಹುದು. ಆದರೆ ಉದ್ದಕ್ಕೂ ಒಂದೇ ಅಗಲ, ಒಂದೇ ಆಳ ಬರಬೇಕೆಂದರೆ ಅದಕ್ಕೆಂದೇ ಮಾಡಿದ ರಂದಾ ಬೇಕು. ಅದರ ಅಡಿಯಲ್ಲಿ ಗ್ರೂವಿನೊಳಗೆ ಓಡುವ ತೆಳುವಾದ ಕಬ್ಬಿಣದ ಪಟ್ಟಿ ಇರುತ್ತದೆ. ಅದಕ್ಕೆ ಒರಗಿದಂತೆ ಕಿರಿದಾದ ಬ್ಲೇಡು. ಮರದ ಅಂಚಿಗೆ ತಾಗಿ ಸಾಗುವ ಫೆನ್ಸ್ ದೂರವನ್ನು ಕಾಯುತ್ತದೆ. ಇಷ್ಟು ಆಳವಾದ ಮೇಲೆ ಇನ್ನು ಕೊರೆಯದಂತೆ ಒಂದು ತಡೆ ನಿಲ್ಲಿಸುತ್ತದೆ.

ನಮ್ಮ ಕಡೆ ಇಂಥವು ಸಿಗುವುದು ಎರಡು ದಾರಿಯಲ್ಲಿ. ಒಂದು, ಬಡಿಗೇರರ ಮನೆಯ ಅಟ್ಟ. ಅಪ್ಪ ತಾನೇ ಕೊರೆದುಕೊಂಡ ಮರದ ರಂದಾಗಳನ್ನು, ಯಂತ್ರ ಹಿಡಿದ ಮಗ ಅಲ್ಲಿ ಏರಿಸಿಟ್ಟಿರುತ್ತಾನೆ. ಇನ್ನೊಂದು, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಯ ಹಳೆ ಕಬ್ಬಿಣದ ಅಂಗಡಿಗಳು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ 1880ರ ದಶಕದಿಂದಲೇ ಇದೆ. ಅಂಥ ಊರಿನ ಗುಜರಿಯಲ್ಲಿ ಇಂಗ್ಲೆಂಡಿನ ಮುದ್ರೆಯ ಉಪಕರಣ ಕಂಡರೆ ಬೆರಗಾಗಬೇಕಿಲ್ಲ.

ಹುಡುಕಾಟ ಮುಗಿಯುವ ಹೊತ್ತಿಗೆ ನನ್ನ ಮುಂದೆ ಮೂರು ಆಯ್ಕೆಗಳಿದ್ದವು.

ಮೊದಲನೆಯದು ಅಮೆರಿಕದ ಸ್ಟ್ಯಾನ್ಲಿ 45. 1880ರ ದಶಕದಿಂದ 1960ರ ದಶಕದವರೆಗೆ ಆ ಕಂಪನಿ ಮಾರಿದ, ಗ್ರೂವ್, ಅಂಚಿನ ಮೆಟ್ಟಿಲು, ಅಲಂಕಾರದ ಗೆರೆ ಎಲ್ಲವನ್ನೂ ಒಂದೇ ಮೈಯಲ್ಲಿ ಮಾಡುವ ದೊಡ್ಡ ರಂದಾ. ನೋಡಲು ಗಡಿಯಾರದ ಒಳಮೈಯಂತೆ ತಿರುಪು, ಸರಳು, ಪಟ್ಟಿಗಳ ಮೇಳ. ಕೇಳಿದ್ದು 3,500 ರೂಪಾಯಿ. ಇದ್ದದ್ದು ಒಂದೇ ಬ್ಲೇಡು. ಫೆನ್ಸ್ ಹಿಡಿಯುವ ಸರಳು ಒಂದು ಜೊತೆ ಇಲ್ಲ, ಆಳದ ತಡೆಯೂ ಇಲ್ಲ.

ಎರಡನೆಯದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ರೆಕಾರ್ಡ್ 044. ಗ್ರೂವ್ ಹೊಡೆಯುವುದೇ ಇದರ ಮುಖ್ಯ ಕೆಲಸ. ಹೊಸದಾಗಿದ್ದಾಗ ಇದರ ಜೊತೆ 1/8 ಇಂಚಿನಿಂದ 9/16 ಇಂಚಿನವರೆಗೆ ಎಂಟು ಬ್ಲೇಡು ಬರುತ್ತಿದ್ದವು. ನನ್ನ ಮುಂದಿದ್ದುದರಲ್ಲಿ ನಾಲ್ಕು ಉಳಿದಿದ್ದವು. ಮೈತುಂಬ ತುಕ್ಕು, ಆದರೆ ಒಂದು ತಿರುಪೂ ಕಳೆದಿರಲಿಲ್ಲ. ಕೇಳಿದ್ದು 4,000.

ಮೂರನೆಯದು ಬ್ಯಾಡಗಿ ಕಡೆಯ ಬಡಿಗೇರರ ಮನೆಯ ಮರದ ರಂದಾ. ಜಾಲಿಯ ಮೈ, ಮರದ ಬೆಣೆ, ಸವೆದು ಗಿಡ್ಡಾದ ಬ್ಲೇಡು. ಫೆನ್ಸ್ ಮೈಗೇ ಕೂಡಿಕೊಂಡಿದ್ದರಿಂದ ಅಂಚಿನಿಂದ ಒಂದೇ ದೂರಕ್ಕೆ, ಒಂದೇ ಅಗಲಕ್ಕೆ ಕೊರೆಯುತ್ತದೆ. ಕೊಟ್ಟದ್ದು 400.

ಆ ಮನೆಯ ಹಿರಿಯರು ನನಗೆ ರಂದಾದ ಜೊತೆ ಒಂದು ಮಾತನ್ನೂ ಕೊಟ್ಟರು. "ತಮ್ಮಾ, ತುಕ್ಕ ನೋಡಿ ಹೆದರಬ್ಯಾಡ. ಇಲ್ಲದ್ದನ್ನ ನೋಡಿ ಹೆದರು." ಹಳೆಯ ಉಪಕರಣ ಕೊಳ್ಳುವ ಶಾಸ್ತ್ರವೆಲ್ಲ ಇದರಲ್ಲೇ ಇದೆ. ತುಕ್ಕು ತೆಗೆಯಲು ಬೇಕಾದದ್ದು ನೂರಿನ್ನೂರು ರೂಪಾಯಿ ಮತ್ತು ತಾಳ್ಮೆ. ಕಳೆದುಹೋದ ಭಾಗಕ್ಕೆ ಬೇಕಾದದ್ದು ಲೇಥ್ ಮಷಿನ್ನಿನವನ ಬಿಡುವು, ಕಂಬಾರನ ಕೈಚಳಕ ಮತ್ತು ನಮ್ಮ ಅದೃಷ್ಟ. ಹಳೆಯ ಇಂಗ್ಲಿಷ್, ಅಮೆರಿಕನ್ ಉಪಕರಣಗಳ ತಿರುಪಿನ ಎಳೆಗೂ ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಬೋಲ್ಟಿನ ಎಳೆಗೂ ಹೊಂದಾಣಿಕೆಯಿಲ್ಲ. ಎರಡು ರೂಪಾಯಿಯ ತಿರುಪಿನ ಜಾಗಕ್ಕೆ ಇನ್ನೂರು ಕೊಟ್ಟು ಮಾಡಿಸಬೇಕಾಗುವುದು ಇಲ್ಲಿಯೇ.

ಸ್ಟ್ಯಾನ್ಲಿಯ ಲೆಕ್ಕವನ್ನು ಅಂಗಡಿಯ ಮುಂದೆಯೇ ಹಾಕಿದೆ. ಕೇಳಿದ ಬೆಲೆ 3,500. ಲೇಥ್‌ನಲ್ಲಿ ಸರಳು ಮಾಡಿಸಲು 600. ಆಳದ ತಡೆ ಹೊಸದಾಗಿ ಮಾಡಿಸಲು 800. ಕನಿಷ್ಠ ಮೂರು ಬ್ಲೇಡಿಗೆ 280ರಂತೆ 840. ಒಟ್ಟು 5,740, ಅದೂ ತುಕ್ಕು ತೆಗೆಯುವ ಮೊದಲು. ಸಾಲದ್ದಕ್ಕೆ ಅದರ ಅಡಿಯ ಎರಡು ಪಟ್ಟಿಗಳು ಒಂದಕ್ಕೊಂದು ಸಮಾಂತರವಾಗಿ ಕೂಡಬೇಕು, ಇಲ್ಲವಾದರೆ ರಂದಾ ಗ್ರೂವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಕೆಲಸ ಮಾಡುವ ಸಾಮಾನಿನಲ್ಲಿ ಕಳೆಯಬಹುದಾದ ಭಾಗಗಳೂ ಅಷ್ಟೇ ಹೆಚ್ಚು. ನನಗೆ ಬೇಕಿದ್ದದ್ದು ಗ್ರೂವ್ ಒಂದೇ. ಅದನ್ನು ಅಲ್ಲಿಯೇ ಬಿಟ್ಟೆ.

ರೆಕಾರ್ಡಿನ ಚೌಕಾಸಿ ಸ್ವಲ್ಪ ಹೊತ್ತು ನಡೆಯಿತು.

"ಸಾಹೇಬ್ರ, ಇಂಗ್ಲೆಂಡಿಂದು ಐತ್ರಿ. ಇಂಥಾದ್ದು ಇನ್ನ ಸಿಗೂದಿಲ್ರಿ."

"ಇಂಗ್ಲೆಂಡಿಂದು ಹೌದ್ರಿ. ಆದ್ರ ಎಂಟು ಬ್ಲೇಡಿನಾಗ ನಾಕ ಅದಾವಲ್ರಿ."

ಇಲ್ಲದ್ದನ್ನು ಎಣಿಸಿ ತೋರಿಸಿದ್ದಕ್ಕೆ 600 ಇಳಿಯಿತು. 3,400ಕ್ಕೆ ಮುಗಿಯಿತು. "ತುಕ್ಕು ಹಿಡಿದಿದೆ" ಎಂದು ವಾದಿಸಿದ್ದರೆ ಐವತ್ತೂ ಇಳಿಯುತ್ತಿರಲಿಲ್ಲ. ಗುಜರಿಯಲ್ಲಿ ತುಕ್ಕು ಹಿಡಿಯದ್ದು ಯಾವುದಿದೆ?

ಕೊಳ್ಳುವ ಮೊದಲು ನೋಡಬೇಕಾದದ್ದು ನಾಲ್ಕೇ. ಮೈಯ ಬೀಡು ಕಬ್ಬಿಣದಲ್ಲಿ ಬಿರುಕಿದೆಯೇ? ಹಿಡಿಯ ಬುಡ ಮತ್ತು ತಿರುಪಿನ ತೂತುಗಳ ಸುತ್ತ ಉಗುರಾಡಿಸಿ ನೋಡಬೇಕು. ಬೀಡಿನ ಬಿರುಕಿಗೆ ಹಾಕಿದ ಸಾದಾ ವೆಲ್ಡಿಂಗನ್ನು ನಂಬುವ ಹಾಗಿಲ್ಲ, ಬಿರುಕಿದ್ದರೆ ಅದು ತೂಕದ ಬೆಲೆಯ ಕಬ್ಬಿಣ. ಅಡಿಯ ತೆಳು ಪಟ್ಟಿ ನೆಟ್ಟಗಿದೆಯೇ? ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ತಿಳಿಯುತ್ತದೆ. ಸರಳುಗಳು ಬಾಗದೆ ಫೆನ್ಸ್ ಅವುಗಳ ಮೇಲೆ ಸರಾಗ ಸರಿಯುತ್ತದೆಯೇ? ಕೊನೆಯದಾಗಿ, ಬ್ಲೇಡಿನ ಅಗಲ ನಮ್ಮ ಕೆಲಸಕ್ಕೆ ಹೊಂದುತ್ತದೆಯೇ?

ಈ ಕೊನೆಯದರಲ್ಲಿ ಹಣ ಅಡಗಿದೆ. ಹಳೆಯ ಬ್ಲೇಡುಗಳು ಬಹುಪಾಲು ಇಂಚಿನ ಲೆಕ್ಕ. ಕಾಲು ಇಂಚು ಎಂದರೆ 6.35 ಮಿಲಿಮೀಟರ್. ಅದಕ್ಕೆ ಹತ್ತಿರದ ಇಂದಿನ ಪ್ಲೈವುಡ್ 6 ಮಿಲಿಮೀಟರ್, ಅಳೆದು ನೋಡಿದರೆ ಅದಕ್ಕೂ ತುಸು ಕಡಿಮೆ ಇರುವುದುಂಟು. ಕಾಲು ಇಂಚಿನ ಗ್ರೂವಿನಲ್ಲಿ ಅಂಥ ಪ್ಲೈವುಡ್ ಲಟಪಟ ಎನ್ನುತ್ತದೆ. ಅಪ್ಪಟ ಮರದ ಹಲಗೆಗೆ ಮಾತ್ರ ಈ ತೊಡಕಿಲ್ಲ, ಅದರ ಅಂಚನ್ನು ಗ್ರೂವಿಗೆ ತಕ್ಕಂತೆ ರಂದಾ ಹೊಡೆದು ತೆಳುಮಾಡಬಹುದು. ಆದ್ದರಿಂದ ಮರದ ಹಲಗೆಯ ಕದ ಮಾಡುವವರಿಗೆ ಇಂಚಿನ ಬ್ಲೇಡು ಸಾಕು; ಪ್ಲೈವುಡ್ ಬಳಸುವವರು ಒಂದು ಬ್ಲೇಡು ಮಾಡಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು. ಚೌಕಟ್ಟಿನ ದಪ್ಪದ ಮೂರನೇ ಒಂದು ಭಾಗದಷ್ಟು ಗ್ರೂವಿನ ಅಗಲ ಇರಲಿ ಎಂಬುದು ಹಳೆಯ ನಿಯಮ. ಮನೆಯ ಕಪಾಟಿನ ಕೆಲಸಕ್ಕೆ ಕಾಲು ಇಂಚು, 5/16 ಇಂಚು ಇದ್ದರೆ ಬಹುಪಾಲು ನಡೆದುಹೋಗುತ್ತದೆ. ಎಂಟೂ ಬ್ಲೇಡು ಬೇಕೆಂಬುದು ಸಂಗ್ರಹಕಾರರ ಆಸೆ, ಅದಕ್ಕೆ ನಾವೇಕೆ ದುಡ್ಡು ತೆರಬೇಕು?

ದುರಸ್ತಿಯ ಖರ್ಚು ಕೈಯಳತೆಯದು. ಬಿಗಿದ ತಿರುಪುಗಳಿಗೆ ಸೀಮೆಎಣ್ಣೆ ಅಥವಾ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಇಡಬೇಕು. ತಿರುಪಿನ ಗೀರಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರನ್ನೇ ಹಾಕಬೇಕು, ತಲೆ ಕಿತ್ತ ತಿರುಪೂ ಕಳೆದ ತಿರುಪೂ ಒಂದೇ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಭಾಗಗಳನ್ನು ಮುಳುಗಿಸಿಟ್ಟರೆ ತುಕ್ಕು ಸಡಿಲವಾಗುತ್ತದೆ. ಆಮೇಲೆ ತಂತಿ ಬ್ರಷ್, ಅಡುಗೆ ಸೋಡಾದ ನೀರಿನಲ್ಲಿ ತೊಳೆತ, ಕೂಡಲೇ ಒರೆಸಿ ಎಣ್ಣೆ. ನಿಕಲ್ ಲೇಪನ ಎದ್ದಿರುವ ಭಾಗವನ್ನು ನಿಂಬೆ ಉಪ್ಪಿನ ನೀರಿನಲ್ಲಿ ಹೆಚ್ಚು ಹೊತ್ತು ಬಿಡಬಾರದು. ಅಡಿಯ ಪಟ್ಟಿಯನ್ನು ಗಾಜಿನ ಮೇಲೆ ಅಂಟಿಸಿದ ಪಾಲಿಶ್ ಕಾಗದದ ಮೇಲೆ ಉಜ್ಜಿ ಸಮ ಮಾಡಿದೆ. ಬ್ಲೇಡಿನ ಬೆನ್ನನ್ನು ತುದಿಯ ಹತ್ತಿರ ಕನ್ನಡಿಯಾಗುವಷ್ಟು ತಿಕ್ಕಿ, ಅಂಚನ್ನು 30 ಡಿಗ್ರಿಯ ಆಸುಪಾಸಿಗೆ ಮಸೆದೆ. ಅಂಚು ಓರೆಯಾದರೆ ಗ್ರೂವಿನ ತಳವೂ ಓರೆಯಾಗುತ್ತದೆ.

ಮರದ ರಂದಾಕ್ಕೆ ಹೊಸ ಬ್ಲೇಡೇ ಬೇಕಿತ್ತು. ಮಾಡಿಸುವುದೇ ಆದರೆ ಅಳತೆ ನಮ್ಮದೇ ಅಲ್ಲವೇ? ಮನೆಯಲ್ಲಿದ್ದ ಪ್ಲೈವುಡ್ಡಿನ ತುಂಡನ್ನೇ ಕಂಬಾರನ ಕೈಗೆ ಕೊಟ್ಟೆ. ಆತ ಸವೆದ ಅರವೊಂದನ್ನು ಕಾಯಿಸಿ ನಿಧಾನವಾಗಿ ಆರಲು ಬಿಟ್ಟು ಮೆತ್ತಗೆ ಮಾಡಿದ, ಆಕಾರ ಕೊಟ್ಟ. ಬದಿಗಳನ್ನು ಹಿಂದಕ್ಕೆ ತುಸು ಕಿರಿದು ಮಾಡಿದ, ಗ್ರೂವಿನಲ್ಲಿ ಹಿಡಿಯಬಾರದಲ್ಲ. ಮತ್ತೆ ಕೆಂಪಗೆ ಕಾಯಿಸಿ ಅಯಸ್ಕಾಂತ ಹಿಡಿದು ನೋಡಿದ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕನ್ನು ಅಯಸ್ಕಾಂತ ಎಳೆಯುವುದಿಲ್ಲ. ಆ ಗುರುತು ಸಿಕ್ಕ ಮೇಲೆ ಇನ್ನಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದುವುದು. ಗಾಜಿನಂತೆ ಪೆಡಸಾದ ಅದನ್ನು ಕೊನೆಗೆ ತಿಳಿ ಒಣಹುಲ್ಲಿನ ಬಣ್ಣ ಬರುವವರೆಗೆ ಹದವಾಗಿ ಕಾಯಿಸಿದರೆ ಬ್ಲೇಡು ಸಿದ್ಧ. ಮಜೂರಿ 280.

ಈಗ ಎರಡನೇ ಬೆಲೆ. ರೆಕಾರ್ಡಿಗೆ 3,400, ಬಸ್ಸಿಗೆ 150, ಬ್ರಷ್ಷು ಕಾಗದ ಎಣ್ಣೆಗೆ 320: ಒಟ್ಟು 3,870. ಮರದ್ದಕ್ಕೆ 400, ಬ್ಲೇಡಿಗೆ 280, ಎಣ್ಣೆ ಕಾಗದಕ್ಕೆ 60: ಒಟ್ಟು 740. ಡ್ರಾಯರ್ ತಳದ ಗ್ರೂವ್ ಅಷ್ಟೂ 740ರದ್ದೇ ಪಾಲು. ಯಾವುದನ್ನೂ ಹೊಂದಿಸಬೇಕಿಲ್ಲ, ಎತ್ತಿಕೊಂಡು ಹೊಡೆಯುವುದಷ್ಟೇ. ಬೇರೆ ಬೇರೆ ದೂರ, ಅಗಲ ಬೇಕಾದಾಗ 044.

ಇದು ಹವ್ಯಾಸಿಯ ಲೆಕ್ಕ. ನನ್ನ ರಜೆಯ ಹೊತ್ತಿಗೆ ಯಾರೂ ಪಗಾರ ಕೊಡುವುದಿಲ್ಲ. ದುಡಿಯುವ ಬಡಿಗೇರರ ಲೆಕ್ಕ ಬೇರೆ. ದಿನಗೂಲಿ 900 ಎಂದು ಹಿಡಿದು, ದುರಸ್ತಿಗೆ ಎರಡು ದಿನ ಹೋದರೆ 3,870ಕ್ಕೆ 1,800 ಸೇರಿ 5,670 ಆಯಿತು. ಅಷ್ಟರೊಳಗೆ ಸಣ್ಣ ವಿದ್ಯುತ್ ರೂಟರ್ ಯಂತ್ರ ಬರುತ್ತದೆ. ದಿನವೂ ಹತ್ತಾರು ಚೌಕಟ್ಟಿಗೆ ಗ್ರೂವ್ ಹೊಡೆಯುವವರು ಯಂತ್ರವನ್ನೇ ಕೊಳ್ಳುವುದು ಸರಿ. ಕರೆಂಟಿಲ್ಲದ ಹೊತ್ತಿಗೆ, ಗಿರಾಕಿಯ ಮನೆಯಲ್ಲಿ ಧೂಳೆಬ್ಬಿಸದೆ ಒಂದೆರಡು ಗ್ರೂವ್ ಮುಗಿಸಲು ಕೈ ರಂದಾ ಜೊತೆಗಿರಲಿ.

ಅವರಿಗೆ ಇನ್ನೊಂದು ದಾರಿಯೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸೇರಿದೆ. ಅರ್ಹರಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗಿನ ಇ-ವೋಚರ್, ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ, ತೀರಿಸಲು 18 ತಿಂಗಳು. ಪೂರ್ತಿ ಒಂದು ಲಕ್ಷ ಪಡೆದರೆ ತಿಂಗಳ ಕಂತು ಸುಮಾರು 5,780. ಅಷ್ಟೂ ಅವಧಿಗೆ ಬಡ್ಡಿ ಸುಮಾರು 4,000. ಕೈಸಾಲ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಾದರೆ ಬಡ್ಡಿಯೇ ತಿಂಗಳಿಗೆ 3,000, ಅಸಲು ಇದ್ದಲ್ಲೇ ಇರುತ್ತದೆ. ದಿನಬಳಕೆಯ ಸಾಮಾನು ವೋಚರಿನಲ್ಲಿ ಬರಲಿ, ಅಪರೂಪದ್ದು ಗುಜರಿಯಿಂದ ಬರಲಿ.

ಆದರೂ ಸಾಲದ ವಿಷಯದಲ್ಲಿ ನಮ್ಮ ಭಾಗದವರು ಮೆಣಸಿನಕಾಯಿಯ ಕಡೆ ಒಂದು ಕಣ್ಣಿಡಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ನಿಂತರೆ ಹಳ್ಳಿಯಲ್ಲಿ ಹೊಸ ಮನೆಗೆ ಬಾಗಿಲು ಏಳುತ್ತದೆ, ಬಿದ್ದರೆ ಬಡಿಗೇರನ ಕೆಲಸವೂ ಮುಂದಕ್ಕೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ರೈತರ ಸಿಟ್ಟು ಅಲ್ಲಿ ಬೆಂಕಿಯಾಗಿ ಎದ್ದದ್ದು ನೆನಪಿದೆ. ಕಂತು ಮಾತ್ರ ದರ ನೋಡಿ ಬರುವುದಿಲ್ಲ. ಇಂಥ ಊರಿನಲ್ಲಿ ನಗದಿಗೆ ಕೊಂಡ ಹಳೆಯ ರಂದಾಕ್ಕೆ ಒಂದು ಗುಣವಿದೆ: ಅದರ ಬೆಲೆ ಇಳಿಯಬೇಕಾದಷ್ಟು ಎಂದೋ ಇಳಿದಾಗಿದೆ. ಸರಿಯಾಗಿಟ್ಟುಕೊಂಡರೆ, ಬೇಡವಾದ ದಿನ ಹಾಕಿದ ದುಡ್ಡಿನ ಹೆಚ್ಚು ಪಾಲು ತಿರುಗಿ ಬರುತ್ತದೆ.

ಹಾಗಾಗಿ ನನ್ನ ಪದ್ಧತಿ ಇದು. ಅಂಗಡಿಗೆ ಹೋಗುವ ಮೊದಲೇ ಎರಡು ಸಂಗತಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ: ಯಾವ ಅಗಲದ ಗ್ರೂವ್ ಬೇಕು, ಎಲ್ಲ ಸೇರಿ ಎಷ್ಟಕ್ಕೆ ಮುಗಿಯಬೇಕು. ಮಿತಿ 4,000 ಎಂದಿಟ್ಟುಕೊಳ್ಳಿ. ಇಲ್ಲದ ಭಾಗಕ್ಕೆ 1,200, ದುರಸ್ತಿಗೆ 300 ಕಳೆಯಿರಿ. ಉಳಿದ 2,500 ನೀವು ಕೊಡಬಹುದಾದ ಕೊನೆಯ ಬೆಲೆ. ಅಂಗಡಿಯವನು ಒಪ್ಪದಿದ್ದರೆ ನಮಸ್ಕಾರ ಹೇಳಿ ಬಸ್ ಹತ್ತಿಬಿಡಿ.