ಅಂತರ್ಜಾಲವೂ ಸಮಾಜ ಸಂಶೋಧನೆಯೂ

ಒಂದು ಊರಿನ ಜನರು ಮಕ್ಕಳನ್ನು ಎಷ್ಟರವರೆಗೆ ಓದಿಸುವರು, ಕಾಯಿಲೆ ಬಂದಾಗ ಯಾರ ಬಳಿಗೆ ಹೋಗುವರು ಎಂಬಿವೇ ಮೊದಲಾದ ಸಂಗತಿಗಳನ್ನು ಕ್ರಮವಾಗಿ ವಿಚಾರಿಸಿ ತಿಳಿಯುವ ಕಾರ್ಯಕ್ಕೆ ಸಮಾಜ ಸಂಶೋಧನೆಯೆಂದು ಹೆಸರು. ಪೂರ್ವದಲ್ಲಿ ಇದಕ್ಕಾಗಿ ಮನೆಮನೆಯ ಬಾಗಿಲಿಗೆ ಹೋಗಬೇಕಾಗಿತ್ತು. ಈಗಲಾದರೋ ಪ್ರಶ್ನಾವಳಿಯೊಂದನ್ನು ಅಂತರ್ಜಾಲದಲ್ಲಿಟ್ಟರೆ ಅಲ್ಪ ವೆಚ್ಚದಿಂದ, ಅಲ್ಪ ಕಾಲದಲ್ಲಿ, ಸಾವಿರಾರು ಉತ್ತರಗಳು ಬಂದು ಸೇರಬಹುದು. ಕಾಲೇಜು ಸೇರಿದ ನಮ್ಮ ಹೆಣ್ಣುಮಕ್ಕಳೂ ಈ ಸಾಧನವನ್ನು ಕೈಕೊಳ್ಳುತ್ತಿರುವುದರಿಂದ ಅದರ ಗುಣದೋಷಗಳನ್ನು ಅರಿತಿರುವುದು ಒಳ್ಳೆಯದು.

ಉತ್ತರಗಳು ಎಷ್ಟು ಬಂದವು ಎಂಬುದಕ್ಕಿಂತ ಯಾರಿಂದ ಬಂದವು ಎಂಬುದೇ ಮುಖ್ಯ. ಅಂತರ್ಜಾಲವು ಹುಟ್ಟುವುದಕ್ಕೆ ಬಹು ಮುಂಚೆಯೇ, 1936ರಲ್ಲಿ, ಅಮೇರಿಕಾದ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆಯು ಅಧ್ಯಕ್ಷರ ಚುನಾವಣೆಯ ವಿಷಯವಾಗಿ ಸುಮಾರು 1 ಕೋಟಿ ಜನರಿಗೆ ಅಂಚೆಯ ಮೂಲಕ ಮತಪತ್ರಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳನ್ನು ನಂಬಿ ಲ್ಯಾಂಡನ್ನರೇ ಗೆಲ್ಲುವರೆಂದು ಸಾರಿತು, ಗೆದ್ದವರು ರೂಸ್‌ವೆಲ್ಟರು. ಟೆಲಿಫೋನು, ಮೋಟಾರುಗಾಡಿಗಳುಳ್ಳವರ ಪಟ್ಟಿಗಳಿಂದ ಹೆಸರುಗಳನ್ನು ಆರಿಸಿದ್ದರಿಂದ ಬಡವರ ಮಾತು ಆ ಪತ್ರಿಕೆಗೆ ಸರಿಯಾಗಿ ಕೇಳಿಸಲಿಲ್ಲ; ಉತ್ತರಿಸದವರ ಮನಸ್ಸೂ ತಿಳಿಯದೆ ಹೋಯಿತು.

ಅಂತರ್ಜಾಲದಲ್ಲಿಯೂ ಇದೇ ದೋಷವು ಕಂಡುಬಂದಿತು. 2021ರಲ್ಲಿ ಅದೇ ದೇಶದಲ್ಲಿ ಕೊರೋನಾ ಲಸಿಕೆಯನ್ನು ಎಷ್ಟು ಜನರು ಹಾಕಿಸಿಕೊಂಡಿದ್ದಾರೆಂದು ಫೇಸ್‌ಬುಕ್ಕಿನ ಮೂಲಕ ವಾರವಾರವೂ ಸುಮಾರು 2.5 ಲಕ್ಷ ಜನರನ್ನು ಕೇಳಿದರು. ಮೇ ತಿಂಗಳಲ್ಲಿ ಆ ಲೆಕ್ಕವು ನಿಜಕ್ಕಿಂತ ನೂರಕ್ಕೆ 17ರಷ್ಟು ಹೆಚ್ಚಾಗಿತ್ತು. ಸುಮಾರು 1,000 ಜನರನ್ನು ಎಚ್ಚರಿಕೆಯಿಂದ ಆಯ್ದು, ಅಂತರ್ಜಾಲವಿಲ್ಲದವರಿಗೆ ಆ ಸೌಕರ್ಯವನ್ನು ತಾವೇ ಒದಗಿಸಿ ಕೇಳಿದ ಮತ್ತೊಂದು ಸಮೀಕ್ಷೆಯಾದರೋ ಸತ್ಯಕ್ಕೆ ಹತ್ತಿರವಾಗಿತ್ತು.

ನಮ್ಮ ದೇಶದಲ್ಲಿ ಈ ಮಾತು ವಿಶೇಷವಾಗಿ ಸ್ತ್ರೀಯರಿಗೆ ಸಂಬಂಧಿಸಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದವರು ಪುರುಷರಲ್ಲಿ ನೂರಕ್ಕೆ 57, ಸ್ತ್ರೀಯರಲ್ಲಿ 33 ಮಾತ್ರ. ಆ ಬಳಿಕ ಬಳಕೆಯು ಹೆಚ್ಚಿದ್ದರೂ ಮನೆಗೆಲ್ಲಾ ಒಂದೇ ಫೋನಿರುವ ಕಡೆಗಳುಂಟು. ಅಂಥಲ್ಲಿ ಗೃಹಿಣಿಯ ಕಷ್ಟಗಳನ್ನು ಕೇಳಿದ ಪ್ರಶ್ನೆಗೆ ಗಂಡನೋ ಮಗನೋ ಉತ್ತರ ಬರೆದರೆ ಅದನ್ನು ಅವಳ ಮಾತೆಂದು ಹೇಗೆ ನಂಬುವುದು?

ಇನ್ನೊಂದು ವಿಷಯವು ಸಮ್ಮತಿ. 2012ರಲ್ಲಿ ಫೇಸ್‌ಬುಕ್ಕಿನವರು 6,89,003 ಬಳಕೆದಾರರಿಗೆ ತಿಳಿಸದೆ, ಅವರು ನೋಡುವ ಬರಹಗಳಲ್ಲಿ ಸಂತೋಷದವುಗಳನ್ನೋ ದುಃಖದವುಗಳನ್ನೋ ಕಡಿಮೆಮಾಡಿ ಅವರ ಮನಸ್ಸಿನ ಬದಲಾವಣೆಯನ್ನು ಪರೀಕ್ಷಿಸಿದರು. 2014ರಲ್ಲಿ ಇದು ಪ್ರಕಟವಾದಾಗ ಬಹು ಜನರು ಆಕ್ಷೇಪಿಸಿದರು. ಕೇಳದೆ ಒಬ್ಬರ ಪತ್ರವನ್ನು ಒಡೆದು ಓದುವುದು ತಪ್ಪಾದರೆ, ಕೇಳದೆ ಅವರ ಮನಸ್ಸನ್ನು ಪರೀಕ್ಷಿಸುವುದು ಸರಿಯಾದೀತೇ?

ಆದುದರಿಂದ ಈ ಕಾರ್ಯಕ್ಕೆ ಕೈಹಾಕುವವರು ಮೂರು ನಿಯಮಗಳನ್ನು ಮರೆಯತಕ್ಕದ್ದಲ್ಲ. ಮೊದಲನೆಯದು, ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯೂ ಬೇಕು. ಎರಡನೆಯದು, ಉತ್ತರವಿತ್ತವರ ಹೆಸರುಗಳನ್ನು ಗುಟ್ಟಾಗಿಡಬೇಕು. ಮೂರನೆಯದು, ಯಾರನ್ನು ಕೇಳಿದೆವು, ಯಾರನ್ನು ಕೇಳಲಾಗಲಿಲ್ಲ ಎಂಬುದನ್ನು ವರದಿಯಲ್ಲಿ ಮರೆಮಾಚದೆ ಬರೆದು, ಸಾಧ್ಯವಾದಷ್ಟು ಮಟ್ಟಿಗೆ ಆ ಉಳಿದವರ ಮನೆಗಳಿಗೆ ಹೋಗಿ ವಿಚಾರಿಸಬೇಕು.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಹೋದ ಕುರುಬನ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯಲ್ಲಿ ಕಲಿತಿದ್ದೇವೆ. ಲೆಕ್ಕಕ್ಕೆ ಸಿಕ್ಕದವರನ್ನು ಹುಡುಕುವ ಆ ಬುದ್ಧಿಯೇ ಸಂಶೋಧಕಿಗೂ ಬೇಕಾದದ್ದು.